ಠಾಣೆಯ ಗ್ರಂಥಭಂಡಾರ

ದೂರದ ಊರಿಗೆ ಹೋದ ನಮ್ಮ ಜನ ಅಲ್ಲಿಯ ದೇವಸ್ಥಾನವನ್ನು ನೋಡುತ್ತಾರೆ, ಅರಮನೆಯನ್ನು ನೋಡುತ್ತಾರೆ, ಬಿಡುವಿದ್ದರೆ ವಸ್ತುಸಂಗ್ರಹಾಲಯಕ್ಕೂ ಹೋಗಿ ಬರುತ್ತಾರೆ. ಪೋಲೀಸರ ಬಾಗಿಲನ್ನು ಮಾತ್ರ ಯಾರೂ ತಾವಾಗಿ ತಟ್ಟುವುದಿಲ್ಲ. ಠಾಣೆಯ ಮೆಟ್ಟಿಲು ಹತ್ತದೆ ಆಯುಷ್ಯ ಕಳೆದವನೇ ಪುಣ್ಯವಂತನೆಂದು ನಮ್ಮ ಹಿರಿಯರ ಎಣಿಕೆ. ಆದ್ದರಿಂದಲೇ ಇರಬೇಕು, ಕಲ್ಕತ್ತೆಗೆ (ಈಗ ಅದರ ಹೆಸರು ಕೋಲ್ಕತಾ) ಹೋಗಿ ಬಂದವರು ಬೇಲೂರು ಮಠವನ್ನೂ ಜೋಡಾಸಾಂಕೋದ ಠಾಕೂರರ ಮನೆಯನ್ನೂ ಬಾಯ್ತುಂಬ ವರ್ಣಿಸುತ್ತಾರಲ್ಲದೆ, ಆಚಾರ್ಯ ಪ್ರಫುಲ್ಲಚಂದ್ರ ರಸ್ತೆಯ 113ನೆಯ ಸಂಖ್ಯೆಯ ಮನೆಯ ಮಾತೆತ್ತುವುದು ಅಪರೂಪ. 1996ರಿಂದ ಈಚೆಗೆ ಅಲ್ಲಿ ಆ ನಗರದ ಪೋಲೀಸ್ ಪಡೆಯ ಚರಿತ್ರೆಯನ್ನು ತೋರಿಸುವ ಪುಟ್ಟ ವಸ್ತುಸಂಗ್ರಹಾಲಯವೊಂದಿದೆ. ಸಾಹಿತ್ಯದ ಪುಟದಲ್ಲಿ ಪೋಲೀಸರ ಪ್ರಸ್ತಾಪವೇಕೆಂದು ವಾಚಕರು ಹುಬ್ಬೇರಿಸಬಹುದು. ಆದರೆ ಅಲ್ಲಿ ಒಂದು ಸುತ್ತು ಬಂದವರ ಮನಸ್ಸನ್ನು ಹಿಡಿದು ನಿಲ್ಲಿಸುವುದು ಕೋವಿಯಲ್ಲ, ಕತ್ತಿಯಲ್ಲ. ಪುಸ್ತಕ ಮತ್ತು ಕಾಗದ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ಮೊದಲು ಮನೆಯ ವಿಚಾರ. ಅದು ರಾಜಾ ರಾಮಮೋಹನ ರಾಯರು ವಾಸವಾಗಿದ್ದ ಮಾಣಿಕತಲಾದ ತೋಟದ ಮನೆ. 1830ರಲ್ಲಿ ಇಂಗ್ಲೆಂಡಿಗೆ ಹೊರಟ ಅವರು ತಿರುಗಿ ಬರಲಿಲ್ಲ. 1833ರಲ್ಲಿ ಬ್ರಿಸ್ಟಲಿನಲ್ಲಿ ತೀರಿಕೊಂಡರು. ಮನೆ ಕೈಯಿಂದ ಕೈಗೆ ದಾಟಿ ಕೊನೆಗೆ ಪೋಲೀಸರ ವಶಕ್ಕೆ ಬಂತು. ಸತೀಪದ್ಧತಿಯ ವಿರುದ್ಧ ಹೋರಾಡಿದ ರಾಮಮೋಹನರನ್ನು ನಮ್ಮ ಶಾಲೆಯ ಮಕ್ಕಳೆಲ್ಲ ಬಲ್ಲರು. ಅವರು ಪತ್ರಿಕಾಕರ್ತರೂ ಆಗಿದ್ದರೆಂಬುದನ್ನು ಬಲ್ಲವರು ಕಡಮೆ. 1822ರಲ್ಲಿ ಅವರು ಪಾರಸಿ ಭಾಷೆಯಲ್ಲಿ ‘ಮಿರಾತ್-ಉಲ್-ಅಖ್ಬಾರ್’ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ‘ವಾರ್ತೆಗಳ ಕನ್ನಡಿ’ ಎಂದು ಅದರ ಅರ್ಥ. ಮರುವರ್ಷವೇ, ಹಂಗಾಮಿ ಗವರ್ನರ್ ಜನರಲ್ ಆಗಿದ್ದ ಜಾನ್ ಆಡಂ ಎಂಬಾತ, ಸರ್ಕಾರದ ಪರವಾನಗಿ ಇಲ್ಲದೆ ಯಾರೂ ಪತ್ರಿಕೆ ನಡೆಸಕೂಡದೆಂದು ಕಟ್ಟಳೆ ಮಾಡಿದ. ರಾಮಮೋಹನರು ಐವರು ಸಂಗಡಿಗರೊಡನೆ ಸುಪ್ರೀಂ ಕೋರ್ಟಿಗೆ ಮನವಿ ಸಲ್ಲಿಸಿದರು, ಅದು ತಿರಸ್ಕೃತವಾಯಿತು. ಇಂಗ್ಲೆಂಡಿನ ದೊರೆಯ ಸಮ್ಮುಖಕ್ಕೆ ಬರೆದುಕೊಂಡರು, ಅದೂ ಫಲಿಸಲಿಲ್ಲ. ಪರವಾನಗಿ ಬೇಡಿ ಪತ್ರಿಕೆ ನಡೆಸುವುದು ಮಾನವಂತನಿಗೆ ಸಲ್ಲದೆಂದು ಸಾರಿ, 1823ರಲ್ಲಿಯೇ ಅವರು ತಮ್ಮ ಕನ್ನಡಿಯನ್ನು ಮುಚ್ಚಿಬಿಟ್ಟರು. ಹಾಗೆ ಮುಚ್ಚಿದವರ ಮನೆಯಲ್ಲಿಯೇ ಇಂದು, ಸರ್ಕಾರವು ಯಾರು ಯಾರ ಬರವಣಿಗೆಯನ್ನು ಹೇಗೆ ಕಾದು ಹಿಡಿಯಿತೆಂಬುದರ ಕುರುಹುಗಳನ್ನು ಇರಿಸಲಾಗಿದೆ. ಇದನ್ನು ಯಾರೋ ಯೋಚಿಸಿ ಮಾಡಿದ್ದಲ್ಲ, ಸ್ಥಳದ ಅನುಕೂಲವಷ್ಟೇ ಎಂದು ತೋರುತ್ತದೆ. ಆದರೂ ಇದಕ್ಕಿಂತ ಹೊಂದುವ ಮನೆಯನ್ನು ಯೋಚಿಸಿ ಹುಡುಕಿದ್ದರೂ ಸಿಗುತ್ತಿರಲಿಲ್ಲ.

ಆಯುಧಗಳ ವಿಷಯವನ್ನು ಬೇಗ ಮುಗಿಸೋಣ. ಕ್ರಾಂತಿಕಾರಿಗಳಿಂದ ವಶಪಡಿಸಿಕೊಂಡ ಪಿಸ್ತೂಲು, ಬಾಂಬಿನ ಕೋಶ ಮುಂತಾದವು ಅಲ್ಲಿವೆ. ಅವುಗಳ ನಡುವೆ ಮೌಸರ್ ಪಿಸ್ತೂಲುಗಳಿಗೆ ಮಾತ್ರ ಕೇಳತಕ್ಕ ಕಥೆಯೊಂದಿದೆ. 1914ನೆಯ ಆಗಸ್ಟ್ 26ರಂದು ರೋಡಾ ಎಂಬ ಬಂದೂಕು ವ್ಯಾಪಾರಿ ಕಂಪೆನಿಯ ನೌಕರನೇ, ಸುಂಕದ ಕಟ್ಟೆಯಿಂದ ಬಿಡಿಸಿಕೊಂಡು ಬಂದ ಪೆಟ್ಟಿಗೆಗಳಲ್ಲಿ ಒಂದು ಎತ್ತಿನ ಗಾಡಿಯಷ್ಟನ್ನು ಬೇರೆ ದಾರಿ ಹಿಡಿಸಿದ. 50 ಪಿಸ್ತೂಲು, 46,000 ತೋಟಾ ಹಾಡುಹಗಲಿನಲ್ಲಿ ಕಣ್ಮರೆಯಾದವು. ಗಾಜಿನ ಹಿಂದಿನ ಕಬ್ಬಿಣವನ್ನು ನೋಡಿ ಈ ಕಥೆ ಹೊಳೆಯುವುದಿಲ್ಲ. ಕಬ್ಬಿಣಕ್ಕೆ ಮಾತಿಲ್ಲ, ಕಥೆಯಿರುವುದು ಕಡತದಲ್ಲಿ.

ಪುಸ್ತಕದ ಬಾಂಬಿನ ಮುಂದೆ ಹಾಗೆ ಬೇಗ ಸಾಗಲು ಬರುವುದಿಲ್ಲ. ನಾವು ಇಲ್ಲಿ ನಿಂತಷ್ಟು ಹೊತ್ತು ಬೇರೆಲ್ಲಿಯೂ ನಿಲ್ಲಲಿಲ್ಲ. ಅದು ಹರ್ಬರ್ಟ್ ಬ್ರೂಮ್ ಎಂಬ ನ್ಯಾಯಶಾಸ್ತ್ರಜ್ಞ ಇಂಗ್ಲೆಂಡಿನ ರೂಢಿಕಾನೂನನ್ನು ಕುರಿತು ಬರೆದ ದಪ್ಪ ವ್ಯಾಖ್ಯಾನಗ್ರಂಥ. ನಡುವಿನ ಹಾಳೆಗಳನ್ನು ಚೌಕವಾಗಿ ಕತ್ತರಿಸಿ ಗುಳಿ ಮಾಡಿ, ಕ್ಯಾಡ್ಬರಿ ಕೋಕೋ ಪುಡಿಯ ತಗಡಿನ ಡಬ್ಬಿಯಲ್ಲಿ ಪಿಕ್ರಿಕ್ ಆಮ್ಲವನ್ನು ತುಂಬಿ, ಆ ಗುಳಿಯಲ್ಲಿ ಹುದುಗಿಸಿ, ರಟ್ಟು ತೆರೆದೊಡನೆ ಸಿಡಿಯುವಂತೆ ಏರ್ಪಡಿಸಿದ್ದರು. ಕಟ್ಟಿದವನು ಹೇಮಚಂದ್ರ ಕಾನೂಂಗೊ. ಆತ ಚಿತ್ರಕಲೆ ಕಲಿತವನು. ಪ್ಯಾರಿಸಿಗೆ ಹೋಗಿ ಸ್ಫೋಟಕವಿದ್ಯೆಯನ್ನು ಕಲಿತು 1908ರ ಮೊದಲಲ್ಲಿ ಹಿಂದಿರುಗಿದ್ದವನು. ಪುಸ್ತಕ ಹೋಗಿ ಮುಟ್ಟಿದ್ದು ಕಲ್ಕತ್ತೆಯ ಮುಖ್ಯ ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟನಾಗಿದ್ದ ಡಗ್ಲಸ್ ಕಿಂಗ್ಸ್‌ಫರ್ಡನ ಮನೆಗೆ.

ಈ ಕಿಂಗ್ಸ್‌ಫರ್ಡ್ ಯಾರು? 1907ರಲ್ಲಿ ವಂಗದೇಶದ ಪತ್ರಿಕೆಗಳನ್ನು ಒಂದಾದ ಮೇಲೊಂದರಂತೆ ತನ್ನ ಕಟಕಟೆಗೆ ಕರೆಸಿದವನು. ‘ಯುಗಾಂತರ’ ಪತ್ರಿಕೆಯ ಪರವಾಗಿ ಹೊಣೆ ಹೊತ್ತುಕೊಂಡ ಭೂಪೇಂದ್ರನಾಥ ದತ್ತ, ಅಂದರೆ ವಿವೇಕಾನಂದರ ತಮ್ಮ, ಒಂದು ವರ್ಷದ ಸೆರೆಗೆ ಹೋದ. ‘ಸಂಧ್ಯಾ’ ಪತ್ರಿಕೆಯ ಬ್ರಹ್ಮಬಾಂಧವ ಉಪಾಧ್ಯಾಯರು ವಿಚಾರಣೆ ಮುಗಿಯುವ ಮೊದಲೇ ತೀರಿಕೊಂಡರು. ಪೋಲೀಸನ ಮೇಲೆ ಕೈಮಾಡಿದನೆಂದು ಸುಶೀಲ ಸೇನನೆಂಬ 15 ವರ್ಷದ ಹುಡುಗನಿಗೆ ಛಡಿಯೇಟಿನ ಶಿಕ್ಷೆಯಾಯಿತು. ಮಾತನ್ನು ಶಿಕ್ಷಿಸಿದವನಿಗೆ ಪುಸ್ತಕದ ವೇಷದಲ್ಲಿ ಉತ್ತರ ಬಂತು. ಅದೂ ಕಾನೂನಿನ ಪುಸ್ತಕ! ಆದರೆ ಆತ ಅದನ್ನು ತೆರೆಯಲಿಲ್ಲ. ತನ್ನಿಂದ ಯಾರೋ ಎರವಲು ಪಡೆದ ಗ್ರಂಥವನ್ನು ಹಿಂದಿರುಗಿಸಿದ್ದಾರೆಂದು ತಿಳಿದು, ಕಟ್ಟು ಸಹ ಬಿಚ್ಚದೆ ಒಂದು ಕಡೆ ಇಟ್ಟುಬಿಟ್ಟ. ಪುಸ್ತಕಗಳನ್ನು ಓದದೆ ಕಪಾಟಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸವನ್ನು ನಾವು ಅಧ್ಯಾಪಕರು ತರಗತಿಯಲ್ಲಿ ಎಷ್ಟೋ ಹಳಿದಿದ್ದೇವೆ. ಅದರಿಂದ ಒಬ್ಬನ ಪ್ರಾಣ ಉಳಿದ ನಿದರ್ಶನವೂ ಉಂಟೆಂದು ಒಪ್ಪಬೇಕಾಗುತ್ತದೆ.

ಮುಂದಿನದು ನಗುವ ಮಾತಲ್ಲ. ಕಿಂಗ್ಸ್‌ಫರ್ಡನಿಗೆ ಬಿಹಾರದ ಮುಜಫ್ಫರಪುರಕ್ಕೆ ವರ್ಗವಾಯಿತು. ಸಿಡಿಯದ ಗ್ರಂಥವೂ ಉಳಿದ ಪುಸ್ತಕಗಳ ಜತೆಗೆ ಪ್ರಯಾಣ ಮಾಡಿತು. 1908ನೆಯ ಏಪ್ರಿಲ್ 30ರ ರಾತ್ರಿ ಖುದೀರಾಮ ಬೋಸ್, ಪ್ರಫುಲ್ಲ ಚಾಕಿ ಎಂಬಿಬ್ಬರು ತರುಣರು ಅವನದೆಂದು ತಿಳಿದು ಒಂದು ಗಾಡಿಯ ಮೇಲೆ ಬಾಂಬೆಸೆದರು. ಗಾಡಿಯಲ್ಲಿದ್ದವರು ಪ್ರಿಂಗ್ಲ್ ಕೆನಡಿ ಎಂಬ ವಕೀಲರ ಪತ್ನಿ ಮತ್ತು ಮಗಳು, ಇಬ್ಬರೂ ಸತ್ತರು. ಪ್ರಫುಲ್ಲ ಸಿಕ್ಕಿಬೀಳುವ ಹೊತ್ತಿಗೆ ತಾನೇ ಗುಂಡು ಹಾರಿಸಿಕೊಂಡು ಸತ್ತ. ಖುದೀರಾಮ 1908ನೆಯ ಆಗಸ್ಟ್ 11ರಂದು ಗಲ್ಲಿಗೇರಿದ. ಆಗ ಅವನಿಗೆ 18 ವರ್ಷ. ಪುಸ್ತಕದೊಳಗಿನ ಬಾಂಬಿನ ಸುಳಿವು ಪೋಲೀಸರಿಗೆ ಸಿಕ್ಕಿದ್ದು 1909ರಲ್ಲಿ. ಹೇಮಚಂದ್ರ ಅಂಡಮಾನಿನ ಕಠಿನ ಸೆರೆಯನ್ನು ಅನುಭವಿಸಿ ಹಿಂದಿರುಗಿ, ಮುಂದೆ 1928ರಲ್ಲಿ ವಂಗದೇಶದ ವಿಪ್ಲವ ಪ್ರಯತ್ನವನ್ನು ಕುರಿತು ತಾನೇ ಒಂದು ಪುಸ್ತಕ ಬರೆದ. ಅದರಲ್ಲಿ ಆತ ತನ್ನ ಸಂಗಡಿಗರನ್ನು ಹೊಗಳುವುದರಲ್ಲಿಯೇ ಕಾಲ ಕಳೆಯಲಿಲ್ಲ. ಅವರ ದೌರ್ಬಲ್ಯಗಳನ್ನು ನಿಷ್ಠುರವಾಗಿ ತೆರೆದಿಟ್ಟ. ಪೊಳ್ಳು ಮಾಡಿದ ಪುಸ್ತಕಕ್ಕಿಂತ ಈ ಬರೆದ ಪುಸ್ತಕದ ಬಾಳಿಕೆ ಹೆಚ್ಚೆಂದು ನಮ್ಮ ಅಭಿಪ್ರಾಯ. ವೀರರನ್ನು ಪೂಜಿಸುವವರಿಗೂ ತೆಗಳುವವರಿಗೂ ಸಮಾನವಾಗಿ ಅನನುಕೂಲವಾದ ಇಂಥ ಗ್ರಂಥ ಗಾಜಿನ ಪೆಟ್ಟಿಗೆಯ ಮಗ್ಗುಲಲ್ಲಿಯೇ ಇರತಕ್ಕದ್ದು.

ಕಲ್ಕತ್ತೆಯ ಪೋಲೀಸ್ ಚರಿತ್ರೆಯಲ್ಲಿ ಇನ್ನೊಂದು ಪುಸ್ತಕಕ್ಕೂ ಸ್ಥಾನವಿದೆ, ಅದು ಪಂಚಾಂಗ. ಬೆರಳಚ್ಚಿನಿಂದ ಅಪರಾಧಿಯನ್ನು ಗುರುತಿಸುವ ಕಾರ್ಯಾಲಯ ಪ್ರಪಂಚದಲ್ಲಿ ಮೊತ್ತಮೊದಲು ಸ್ಥಾಪಿತವಾದದ್ದು ಲಂಡನ್ನಿನಲ್ಲಲ್ಲ, 1897ರಲ್ಲಿ ಕಲ್ಕತ್ತೆಯಲ್ಲಿ. ಅದರ ಆರಂಭದ ದಿನಗಳಲ್ಲಿಯೇ ಜಲಪಾಯಿಗುಡಿಯ ಚಹದ ತೋಟದ ಮ್ಯಾನೇಜರನೊಬ್ಬನ ಕೊಲೆಯಾಯಿತು. ಅವನ ಪೆಟ್ಟಿಗೆಯಲ್ಲಿದ್ದ ಬಂಗಾಳಿ ಪಂಚಾಂಗದ ಮೇಲೆ ರಕ್ತದ ಬೆರಳಿನ ಕಲೆ ಬಿದ್ದಿತ್ತು; ಅದು ಹಿಂದೊಮ್ಮೆ ಕಳವಿಗಾಗಿ ಶಿಕ್ಷೆ ಪಡೆದಿದ್ದ ಹಳೆಯ ಆಳಿನ ಹೆಬ್ಬೆಟ್ಟಿಗೆ ಸರಿಹೊಂದಿತು. ನ್ಯಾಯಾಲಯ ಅವನನ್ನು ಕಳವಿಗೆ ಹೊಣೆ ಮಾಡಿತಲ್ಲದೆ, ಒಂದು ಹೆಬ್ಬೆಟ್ಟನ್ನು ನೆಚ್ಚಿ ಕೊಲೆಯ ಅಪರಾಧ ಹೊರಿಸಲು ಹಿಂಜರಿಯಿತು. ಅಪರಿಚಿತ ವಿದ್ಯೆಯೊಂದು ಮೊದಲು ಎದುರಾದಾಗ ಹೀಗೆ ಹಿಂಜರಿದದ್ದು ನ್ಯಾಯಸ್ಥಾನಕ್ಕೆ ಶೋಭೆಯೇ ಸರಿ. ಅದಂತಿರಲಿ. ಆ ವರ್ಗೀಕರಣ ಪದ್ಧತಿಗೆ ಆಗಿನ ವಂಗ ಪ್ರಾಂತದ ಪೋಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಹೆಸರು ಬಿತ್ತು; ಆತ 1901ರಲ್ಲಿ ಅದನ್ನು ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ಕೊಂಡೊಯ್ದು ಕೀರ್ತಿ ಪಡೆದ. ಲಕ್ಷಾಂತರ ಬೆರಳಚ್ಚುಗಳನ್ನು 1,024 ಗೂಡುಗಳಲ್ಲಿ ವಿಂಗಡಿಸಿ ಬೇಕಾದುದನ್ನು ಕ್ಷಣದಲ್ಲಿ ತೆಗೆಯುವ ಗಣಿತವನ್ನು ಹೊಸೆದವನು ಕಾಜಿ ಅಜೀಜುಲ್ ಹಕ್ ಎಂಬ ಸಬ್ ಇನ್‌ಸ್ಪೆಕ್ಟರ್. ಜತೆಗೆ ದುಡಿದವನು ಹೇಮಚಂದ್ರ ಬೋಸ್. ಬಹಳ ವರ್ಷಗಳ ಮೇಲೆ ಇಬ್ಬರಿಗೂ ಬಿರುದೂ ತಲಾ 5,000 ರೂಪಾಯಿ ಸಂಭಾವನೆಯೂ ಸಿಕ್ಕಿದವು. ಹೆಸರು ಮಾತ್ರ ಹೆನ್ರಿಯದೇ ಉಳಿಯಿತು. ಬೆರಳ ಗುರುತಿನಿಂದ ಜಗತ್ತಿನ ಜನರನ್ನೆಲ್ಲ ಗುರುತಿಸುವ ದಾರಿ ತೋರಿದವನ ಗುರುತೇ ಇಲ್ಲದಾಯಿತು.

ಇನ್ನು ಪೋಲೀಸರ ಓದಿನ ವಿಚಾರ. ಬ್ರಿಟಿಷ್ ಸರ್ಕಾರ ದೇಶಭಾಷೆಗಳ ಪತ್ರಿಕೆಗಳನ್ನು ಓದಿಸಿ, ಇಂಗ್ಲಿಷಿಗೆ ಸಾರಾಂಶ ಮಾಡಿಸಿ, ಗುಟ್ಟಾಗಿ ಅಚ್ಚು ಹಾಕಿಸಿ ಅಧಿಕಾರಿಗಳಿಗೆ ಹಂಚುತ್ತಿತ್ತು. ಮೂಲ ಪತ್ರಿಕೆಗಳು ಗೆದ್ದಲಿಗೆ ಆಹಾರವಾಗಿ, ಸರ್ಕಾರದ ಗುಮಾಸ್ತ ಮಾಡಿದ ಸಾರಾಂಶವಷ್ಟೇ ಉಳಿದಿರುವ ಪ್ರಸಂಗಗಳು ಎಷ್ಟೋ ಇವೆ. ವಿಮರ್ಶಕರು ಗಮನಿಸದ ಬರಹವನ್ನು ಪೋಲೀಸ್ ಅಧಿಕಾರಿ ಎರಡು ಸಲ ಓದುತ್ತಿದ್ದ. ಓದಿದ್ದಕ್ಕೆ ಟಿಪ್ಪಣಿ ಬರೆಯುತ್ತಿದ್ದ. ಟಿಪ್ಪಣಿಯನ್ನು ಜೋಪಾನ ಮಾಡುತ್ತಿದ್ದ. ಅವನ ಓದಿನಲ್ಲಿ ರಸಾಸ್ವಾದವಿರಲಿಲ್ಲ, ಸಂಶಯವಿತ್ತು. ಆ ಸಂಶಯ ಎಲ್ಲಿಯವರೆಗೆ ಹೋಗಬಲ್ಲುದು? 1908ನೆಯ ಮೇ 2ರಂದು ಅರವಿಂದ ಘೋಷರನ್ನು ಬಂಧಿಸಲು ಬಂದ ತಂಡ ಅವರ ಮನೆಯಲ್ಲಿ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಮಣ್ಣನ್ನು ಕಂಡಿತು. ಅದು ದಕ್ಷಿಣೇಶ್ವರದ ಮಣ್ಣು, ಭಕ್ತಿಯಿಂದ ಯಾರೋ ತಂದುಕೊಟ್ಟದ್ದು. ಅಧಿಕಾರಿ ಅದನ್ನು ಭಯಂಕರ ಸ್ಫೋಟಕವಿರಬಹುದೆಂದು ಬಹಳ ಹೊತ್ತು ಅನುಮಾನದಿಂದ ನೋಡಿದನಂತೆ. ಈ ಪ್ರಸಂಗವನ್ನು ಅರವಿಂದರೇ ತಮ್ಮ ಕಾರಾವಾಸದ ಬಂಗಾಳಿ ನೆನಪುಗಳಲ್ಲಿ ವಿನೋದವಾಗಿ ನಿರೂಪಿಸಿದ್ದಾರೆ.

ಶರಚ್ಚಂದ್ರರ ‘ಪಥೇರ್ ದಾಬಿ’ ಕಾದಂಬರಿ 1926ರಲ್ಲಿ ಪುಸ್ತಕವಾಗಿ ಹೊರಬಂದು, 1927ರ ಆರಂಭದಲ್ಲಿಯೇ ಸರ್ಕಾರದಿಂದ ಮುಟ್ಟುಗೋಲಾಯಿತು. ಶರಚ್ಚಂದ್ರರನ್ನು ಕನ್ನಡದಲ್ಲಿ ಓದಿ ಕಣ್ಣೊರೆಸಿಕೊಂಡ ತಲೆಮಾರು ನಮ್ಮಲ್ಲಿಯೂ ಇತ್ತಷ್ಟೆ. ಆ ಕಾದಂಬರಿಯ ನಾಯಕ ಸವ್ಯಸಾಚಿ ರಂಗೂನಿನ ಠಾಣೆಯಲ್ಲಿ ಗಾಂಜಾ ಸೇದುವ ಷೋಕಿಲಾಲನ ವೇಷದಲ್ಲಿ ಪೋಲೀಸರ ಎದುರೇ ನಿಂತು, ಅವರ ನಗೆಗೆ ಗುರಿಯಾಗಿ, ಹಾಗೆಯೇ ಹೊರಗೆ ನಡೆದುಬಿಡುತ್ತಾನೆ. ಸರ್ಕಾರಕ್ಕೆ ಸಿಟ್ಟು ಬಂದದ್ದು ಪುಸ್ತಕದ ರಾಜದ್ರೋಹಕ್ಕೋ ಈ ಗೇಲಿಗೋ ಹೇಳುವುದು ಕಷ್ಟ. ಕಲ್ಪನೆಯ ಆ ದೃಶ್ಯ ಹದಿನಾಲ್ಕು ವರ್ಷಗಳ ಮೇಲೆ ಅದೇ ಕಲ್ಕತ್ತೆಯಲ್ಲಿ ನಿಜವಾಗಿ ನಡೆದುಹೋಯಿತು. 1941ನೆಯ ಜನವರಿ 16ರ ನಡುರಾತ್ರಿ ಕಳೆದ ಮೇಲೆ, ಎಲ್ಜಿನ್ ರಸ್ತೆಯ ಮನೆಯಲ್ಲಿ ಕಾವಲಿನಲ್ಲಿದ್ದ ಸುಭಾಷಚಂದ್ರ ಬೋಸರು ಜಿಯಾಉದ್ದೀನ್ ಎಂಬ ವಿಮಾ ಏಜೆಂಟನ ವೇಷದಲ್ಲಿ, ಅಣ್ಣನ ಮಗ ನಡೆಸುತ್ತಿದ್ದ ಮೋಟಾರಿನಲ್ಲಿ ಕುಳಿತು ಹೊರಟುಹೋದರು. ಸಾದಾ ಉಡುಪಿನ ಪತ್ತೇದಾರರು ಮನೆಯ ಮುಂದೆಯೇ ಇದ್ದರು. ಹಕ್ಕಿ ಹಾರಿತೆಂಬ ಸುದ್ದಿ ಬಯಲಾಗಿದ್ದು ಜನವರಿ 26ರಂದು. ನಡುವಣ ಹತ್ತು ದಿನ ಖಾಲಿ ಕೋಣೆಯನ್ನು ಅವರು ನಿಷ್ಠೆಯಿಂದ ಕಾದರು.

ಈ ಸಂಗ್ರಹಾಲಯಕ್ಕೆ ನಿಜವಾದ ಬೆಲೆ ಬಂದದ್ದು ಇತ್ತೀಚೆಗೆ. 2015ನೆಯ ಸೆಪ್ಟೆಂಬರ್ 18ರಂದು ಪಶ್ಚಿಮ ಬಂಗಾಳ ಸರ್ಕಾರವು ತನ್ನ ವಶದಲ್ಲಿದ್ದ ನೇತಾಜಿಯವರಿಗೆ ಸಂಬಂಧಿಸಿದ 64 ಕಡತಗಳನ್ನು ಬಹಿರಂಗಗೊಳಿಸಿ ಇಲ್ಲಿ ಇರಿಸಿತು. ಒಟ್ಟು 12,744 ಪುಟಗಳು. ನೇತಾಜಿಯವರ ಅಂತ್ಯ ಹೇಗಾಯಿತೆಂಬ ರಹಸ್ಯವನ್ನು ಹುಡುಕಿ ಅನೇಕರು ಅವುಗಳ ಮೇಲೆ ಮುಗಿಬಿದ್ದರು. ಅವರಿಗೆ ನಿರಾಶೆಯಾಗಿರಬೇಕು. ನಮಗೆ ಮುಖ್ಯವೆಂದು ತೋರುವ ಸಂಗತಿ ಬೇರೆ. ಸ್ವಾತಂತ್ರ್ಯ ಬಂದ ಮೇಲೂ ಬೋಸ್ ಮನೆತನದ ಮೇಲೆ ಕಣ್ಣಿಡಲಾಗಿತ್ತು. ಅವರಿಗೆ ಬಂದ, ಅವರಿಂದ ಹೋದ ಕಾಗದಗಳನ್ನು ತಡೆದು ಓದಲಾಗುತ್ತಿತ್ತು. ಧ್ವಜ ಬದಲಾದರೂ ಅಂಚೆಯ ಲಕೋಟೆಗೆ ಹಬೆ ಹಿಡಿಯುವ ಕೈ ಬದಲಾಗಲಿಲ್ಲವೆಂಬುದು ಸರ್ಕಾರದ ಸ್ವಂತ ಕಡತದಿಂದಲೇ ತಿಳಿಯಬೇಕಾಯಿತು. ಪೋಲೀಸರ ಕಡತವನ್ನು ಪೋಲೀಸರ ಸಂಗ್ರಹಾಲಯದಲ್ಲಿಯೇ ಸಾಮಾನ್ಯ ಪ್ರಜೆ ಕುಳಿತು ಓದಬಹುದೆಂಬುದು ಸಣ್ಣ ಸಂಗತಿಯಲ್ಲ. ರಾಮಮೋಹನರು ಮುಚ್ಚಿದ ಕನ್ನಡಿಯ ಒಂದು ಚೂರು ಅವರ ಮನೆಗೆ ಹಿಂದಿರುಗಿದಂತಾಯಿತು.

ಹಾಗೆಂದು ಕಡತಗಳನ್ನೆಲ್ಲ ಬೀದಿಗೆ ಸುರಿಯಬೇಕೆಂದು ನಾವು ಹೇಳುವುದಿಲ್ಲ. ಪೋಲೀಸ್ ದಫ್ತರದಲ್ಲಿ ಅಧಿಕಾರಿಯ ಗುಟ್ಟಿನ ಜತೆಗೆ ಬಡವರ ಗುಟ್ಟೂ ಇರುತ್ತದೆ. ಮಾನಹಾನಿಗೊಳಗಾದ ಹೆಂಗಸಿನ ಹೇಳಿಕೆ, ಹಸಿವಿಗೆ ಕದ್ದವನ ತಪ್ಪೊಪ್ಪಿಗೆ, ಐದು ರೂಪಾಯಿಗೆ ನೆರೆಯವನ ಸುದ್ದಿ ಮುಟ್ಟಿಸಿದವನ ಹೆಸರು ಎಲ್ಲವೂ ಅಲ್ಲಿಯೇ. ಆ ಸುದ್ದಿಗಾರನ ಮೊಮ್ಮಗ ಇಂದಿಗೂ ಅದೇ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡಿರಬಹುದು. 2005ರ ಮಾಹಿತಿ ಹಕ್ಕಿನ ಕಾಯಿದೆ 20 ವರ್ಷಕ್ಕಿಂತ ಹಳೆಯ ಸಂಗತಿಗಳ ವಿಷಯದಲ್ಲಿ ಬಾಗಿಲನ್ನು ಹೆಚ್ಚು ಅಗಲ ಮಾಡಿದೆ. ಗುಪ್ತಚಾರ ಶಾಖೆಗಳನ್ನು ಹೊರಗಿಡಲು ಅದೇ ಕಾಯಿದೆಯಲ್ಲಿ ಅವಕಾಶವೂ ಇದೆ. ಪ್ರಜೆಯನ್ನು ಕಾಯುವ ಗುಟ್ಟು ಯಾವುದು, ಅಧಿಕಾರವನ್ನು ಕಾಯುವ ಗುಟ್ಟು ಯಾವುದು ಎಂಬ ವಿವೇಚನೆಯನ್ನು ಪೋಲೀಸರೊಬ್ಬರಿಗೇ ಬಿಡುವುದು ತರವಲ್ಲ. ಚರಿತ್ರೆ ಬಲ್ಲವರೂ ನ್ಯಾಯ ಬಲ್ಲವರೂ ಅವರ ಜತೆಗೆ ಕುಳಿತುಕೊಳ್ಳಬೇಕು.

ಇದೆಲ್ಲ ವಂಗದೇಶದ ಕಥೆಯೆಂದು ನಾವು ನಿಶ್ಚಿಂತರಾಗುವಂತಿಲ್ಲ. 1908ರಲ್ಲಿ ನಮ್ಮ ಮೈಸೂರು ಸಂಸ್ಥಾನವೂ ಪತ್ರಿಕೆಗಳ ಮೇಲೆ ಕಟ್ಟಳೆಯನ್ನು ತಂದಿತು. ‘ತಾತಯ್ಯ’ ಎಂದು ಜನ ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ‘ವೃತ್ತಾಂತ ಚಿಂತಾಮಣಿ’ಯೇ ಮುಂತಾದ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಎಂಬತ್ತೈದು ವರ್ಷಗಳ ಅಂತರದಲ್ಲಿ ಕಲ್ಕತ್ತೆಯ ರಾಮಮೋಹನರೂ ಮೈಸೂರಿನ ತಾತಯ್ಯನವರೂ ಒಂದೇ ಉತ್ತರವನ್ನು ಕೊಟ್ಟರು. ಕನ್ನಡದಲ್ಲಿ ಪತ್ತೇದಾರಿಯ ಬರವಣಿಗೆಗೆ ‘ಚೋರಗ್ರಹಣ ತಂತ್ರ’ದಿಂದ ಮೊದಲು ಹಾಕಿಕೊಟ್ಟವರಲ್ಲಿಯೂ ಇದೇ ತಾತಯ್ಯನವರು ಒಬ್ಬರೆಂಬುದನ್ನು ನೆನೆದರೆ ಮುಗುಳ್ನಗೆ ಬರುತ್ತದೆ.

ಕನ್ನಡಿಗರ ಕಷ್ಟ ಇನ್ನೊಂದು ಬಗೆಯದು. 1956ಕ್ಕೆ ಮೊದಲು ನಮ್ಮ ನಾಡು ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹರಿದುಹೋಗಿತ್ತು. ನಮ್ಮ ಮೇಲಿನ ಕಣ್ಗಾವಲಿನ ಕಾಗದಗಳೂ ಹಾಗೆಯೇ ಚೆದರಿವೆ. ಒಂದು ಕಡೆ ಅಮಲ್ದಾರನ ಕನ್ನಡ, ಇನ್ನೊಂದು ಕಡೆ ಮೋಡಿ ಅಕ್ಷರದ ಮರಾಠಿ, ಮತ್ತೊಂದು ಕಡೆ ಉರ್ದು. ಮಹಜರು, ಮುಚ್ಚಳಿಕೆ, ಜಾಮೀನು, ಫರಾರಿ, ಜಪ್ತಿ ಎಂಬ ಮಾತುಗಳು ನಮ್ಮ ಹಳ್ಳಿಗರ ನಾಲಗೆಯಲ್ಲಿ ನೆಲೆನಿಂತದ್ದು ಈ ದಫ್ತರಗಳ ಮೂಲಕವೇ. ಎಂದೂ ಪತ್ರ ಬರೆಯದ, ಶಾಸನ ಕೆತ್ತಿಸದ, ಕಾವ್ಯಕ್ಕೆ ವಸ್ತುವಾಗದ ಮನುಷ್ಯನೊಬ್ಬ ಕನ್ನಡ ಗದ್ಯದಲ್ಲಿ ತಾನಾಡಿದ ಮಾತಿನ ಧಾಟಿಯಲ್ಲಿಯೇ ಉಳಿದಿದ್ದಾನೆಂದರೆ ಹಳೆಯ ಠಾಣೆಯ ಹೇಳಿಕೆಯಲ್ಲಿ ಉಳಿದಿರಬೇಕು. ಬರೆದುಕೊಂಡ ದಫೇದಾರ ಅದನ್ನು ಎಷ್ಟೇ ತಿದ್ದಿರಲಿ. ನಮ್ಮ ಜಿಲ್ಲಾಕೇಂದ್ರಗಳಲ್ಲಿ ಹೆಂಚಿನ ಮಾಡಿನ ಹಳೆಯ ಠಾಣೆಯೊಂದನ್ನು ಕೆಡವುವ ಮೊದಲು, ಅದರ ಅಟ್ಟದ ಮೇಲೆ ಏನಿದೆಯೆಂದು ನೋಡಲು ಊರಿನ ಕಾಲೇಜಿನವರನ್ನು ಕರೆಯುವ ಪದ್ಧತಿ ಏರ್ಪಡಬೇಕು. ಕಟ್ಟಡದ ಒಂದು ಕೋಣೆ ಉಳಿದರೆ ಸಂಗ್ರಹಾಲಯಕ್ಕೆ ಅಷ್ಟೇ ಸಾಕು. ಅಲ್ಲಿ ಲಾಠಿ, ಬೇಡಿ, ಪೇಟ ಇರಲಿ, ಮಕ್ಕಳು ನೋಡಿ ಸಂತೋಷಪಡುತ್ತಾರೆ. ಪಕ್ಕದಲ್ಲಿ ಓದಲು ಒಂದು ಮೇಜು, ನಾಲ್ಕು ಕುರ್ಚಿ ಇರಬೇಕು.

ದ. ರಾ. ಬೇಂದ್ರೆಯವರು ‘ನರಬಲಿ’ ಎಂಬ ಕವಿತೆಗಾಗಿ 1932ರಲ್ಲಿ ಹಿಂಡಲಗಾ ಸೆರೆಮನೆಗೆ ಹೋದ ಸಂಗತಿಯನ್ನು ನಾವು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತೇವೆ. ಆ ಕವಿತೆಯನ್ನು ಸರ್ಕಾರಕ್ಕೆ ಇಂಗ್ಲಿಷಿಗೆ ತಿರುಗಿಸಿ ಕೊಟ್ಟವರು ಯಾರು, ಯಾವ ಸಾಲುಗಳ ಕೆಳಗೆ ಗೆರೆ ಎಳೆದರು, ಬೇಂದ್ರೆಯವರ ನುಡಿಯನ್ನು ಯಾವ ಪದಗಳಿಂದ ಹಿಡಿಯಲು ನೋಡಿದರು ಎಂಬುದು ಕಾವ್ಯವಿಮರ್ಶೆಗೆ ಸಂಬಂಧಿಸಿದ ಪ್ರಶ್ನೆಯೇ ಹೌದು. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹುಡುಕುವವರು ಮೊದಲು ಮುಂಬಯಿಯ ಪತ್ರಾಗಾರದಲ್ಲಿ ಕೇಳಬೇಕು. ಆಮೇಲೆ ಬೆಳಗಾವಿಯಲ್ಲಿ, ಧಾರವಾಡದ ಹಳೆಯ ದಫ್ತರಗಳಲ್ಲಿ. ಎಂ.ಎ. ತರಗತಿಯ ಇಬ್ಬರು ವಿದ್ಯಾರ್ಥಿಗಳು ಒಂದು ಬೇಸಗೆಯ ರಜೆಯಲ್ಲಿ ಕೈಗೊಳ್ಳಬಹುದಾದ ಕೆಲಸವಿದು. ಅವರಿಗೆ ಒಳಗೆ ಹೋಗಲು ಒಂದು ಪರಿಚಯಪತ್ರವನ್ನು ನಮ್ಮ ವಿಶ್ವವಿದ್ಯಾಲಯಗಳು ಕೊಡಬಹುದು.